ಭೇಟಿಯಾದ ಮೇಲೆ ಬೀಳುವ ಸಹಿ

ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಸಮುದಾಯದ ವಾರ್ಷಿಕ ಸಮ್ಮೇಳನ ಡೆಬ್‌ಕಾನ್‌ನಲ್ಲಿ ಬಹುಕಾಲ ನಡೆದುಬಂದ ಒಂದು ಪದ್ಧತಿಯಿದೆ. ಡೆವಲಪರ್‌ಗಳು ಎರಡು ಸಾಲಾಗಿ ಎದುರುಬದುರು ನಿಲ್ಲುತ್ತಾರೆ. ಒಂದು ಕೈಯಲ್ಲಿ ಪಾಸ್‌ಪೋರ್ಟ್, ಇನ್ನೊಂದರಲ್ಲಿ ಮುದ್ರಿಸಿ ತಂದ ಪಟ್ಟಿ. ಪಟ್ಟಿಯಲ್ಲಿ ಪ್ರತಿ ಹೆಸರಿನ ಜೊತೆಗೆ ನಲವತ್ತು ಅಂಕಿ-ಅಕ್ಷರಗಳ ಒಂದು ಸಾಲು. ಅದು ಆ ವ್ಯಕ್ತಿಯ ಡಿಜಿಟಲ್ ಕೀಯ ಬೆರಳಚ್ಚು. ಪಾಸ್‌ಪೋರ್ಟಿನ ಫೋಟೊ ನೋಡಿ, ಮುಖ ನೋಡಿ, ಪಟ್ಟಿಯಲ್ಲಿರುವುದು ನಿಮ್ಮದೇ ತಾನೆ ಎಂದು ಕೇಳಿ, ಗುರುತು ಹಾಕಿಕೊಂಡು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮುಂದಿನವರ ಎದುರು ನಿಲ್ಲುತ್ತಾರೆ. ಮನೆಗೆ ಮರಳಿದ ಮೇಲೆ, ತಾವು ಕಂಡವರ ಕೀಗೆ ತಮ್ಮ ಕೀಯಿಂದ ಸಹಿ ಮಾಡುತ್ತಾರೆ. ಡೆಬಿಯನ್ ಡೆವಲಪರ್ ಆಗಬಯಸುವವರ ಕೀಗೆ ಹೀಗೆ ಹಳಬರ ಸಹಿ ಬಿದ್ದಿರಬೇಕು ಎಂಬುದು ಅಲ್ಲಿನ ರೂಢಿ. ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳಿಗೆ ಹೋಗುವ ತಂತ್ರಾಂಶಕ್ಕೆ ಮುದ್ರೆ ಒತ್ತುವುದು ಅದೇ ಕೀ.

ಹೊರಗಿನಿಂದ ನೋಡುವವರಿಗೆ ಡೆಬ್‌ಕಾನ್ ಒಂದು ಮೋಜಿನ ಪ್ರವಾಸದಂತೆ ಕಂಡೀತು. ಭಾಷಣಗಳ ನಡುವೆ ಊರು ಸುತ್ತಲು ಒಂದು ದಿನ ಮೀಸಲು. ಒಂದು ರಾತ್ರಿ ಪ್ರತಿಯೊಬ್ಬರೂ ತಮ್ಮ ದೇಶದಿಂದ ತಂದ ಚೀಸ್, ತಿಂಡಿ, ಪಾನೀಯಗಳನ್ನು ಮೇಜಿನ ಮೇಲೆ ಹರಡಿ ಹಂಚಿಕೊಳ್ಳುತ್ತಾರೆ. 2005ರ ಹೆಲ್ಸಿಂಕಿ ಸಮ್ಮೇಳನದಲ್ಲಿ ಶುರುವಾದ ಈ ಪದ್ಧತಿ 2023ರಲ್ಲಿ ಕೊಚ್ಚಿಗೂ ಬಂತು. ಕೆಲಸ ಬೇರೆ, ಈ ಒಡನಾಟ ಬೇರೆ ಎಂದು ನಾವು ಭಾವಿಸುತ್ತೇವೆ. ಮುಕ್ತ ತಂತ್ರಾಂಶದ ಮಟ್ಟಿಗೆ ಆ ಗೆರೆ ಎಳೆಯುವುದೇ ತಪ್ಪು ಎಂದು ನನಗನ್ನಿಸುತ್ತದೆ. ಅಲ್ಲಿನ ಕೆಲಸ ನಿಂತಿರುವುದೇ ಈ ಒಡನಾಟದ ಮೇಲೆ.

ಡೆಬಿಯನ್ ಹುಟ್ಟಿದ್ದು 1993ರ ಆಗಸ್ಟ್ 16ರಂದು, ಅಮೆರಿಕದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಮಾಡಿದ ಒಂದು ಪ್ರಕಟಣೆಯಿಂದ. ಇಂದು ಸುಮಾರು ಸಾವಿರ ಡೆವಲಪರ್‌ಗಳಿದ್ದಾರೆ, ವರ್ಷಕ್ಕೊಮ್ಮೆ ಮತ ಹಾಕಿ ನಾಯಕರನ್ನು ಆರಿಸಿಕೊಳ್ಳುತ್ತಾರೆ, ಸಂಸ್ಥೆ ಯಾರಿಗೂ ಸಂಬಳ ಕೊಡುವುದಿಲ್ಲ. ಬಹಳ ಮಂದಿಗೆ ಇದು ಕಚೇರಿಯಿಂದ ಬಂದ ಮೇಲಿನ ಸಂಜೆಯ ಕೆಲಸ: ತಾನು ನೋಡಿಕೊಳ್ಳುವ ಪ್ಯಾಕೇಜಿಗೆ ಬಂದ ದೂರುಗಳನ್ನು ಓದುವುದು, ಹೊಸ ಆವೃತ್ತಿಯನ್ನು ಕಟ್ಟಿ ಪರೀಕ್ಷಿಸುವುದು, ಬೇರೆ ಬೇರೆ ಪ್ರೊಸೆಸರ್‌ಗಳಲ್ಲಿ ಎಲ್ಲಿ ಮುರಿಯಿತು ಎಂದು ಹುಡುಕುವುದು. ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ಕಾಯುತ್ತಿದ್ದ ನೀರುಗಂಟಿಯ ಕೆಲಸದಂಥದು ಇದು; ನೀರು ಸರಿಯಾಗಿ ಹರಿಯುವಷ್ಟು ದಿನ ಅವನ ನೆನಪು ಯಾರಿಗೂ ಬರುವುದಿಲ್ಲ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳು ಡೆಬಿಯನ್ ಬಳಕೆದಾರರಿಗೆ ಒಂದು ಆಜ್ಞೆಯಲ್ಲಿ ಸಿಗುವುದರ ಹಿಂದೆಯೂ ಇಂಥ ದುಡಿಮೆ ಇದೆ.

ಈ ದುಡಿಮೆಯಲ್ಲಿ ಮನುಷ್ಯ ಒಂಟಿಯಾದರೆ ಏನಾಗುತ್ತದೆ ಎಂಬುದಕ್ಕೆ 2024ರ ಎಕ್ಸ್‌ಝಡ್ ಪ್ರಕರಣಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಕಡತಗಳನ್ನು ಕುಗ್ಗಿಸುವ ಈ ಪುಟ್ಟ ತಂತ್ರಾಂಶವನ್ನು ಫಿನ್ಲೆಂಡಿನ ಲಾಸೆ ಕಾಲಿನ್ ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ನಡೆಸಿಕೊಂಡು ಬಂದಿದ್ದರು. 2022ರಲ್ಲಿ ಕೆಲವು ಅಪರಿಚಿತರು, ಕೆಲಸ ನಿಧಾನವಾಯಿತು, ಬೇರೆಯವರಿಗೆ ವಹಿಸಿ ಎಂದು ಪೀಡಿಸತೊಡಗಿದರು. ತಮ್ಮ ಮಾನಸಿಕ ಆರೋಗ್ಯ ಚೆನ್ನಾಗಿಲ್ಲವೆಂದೂ ಇದು ಸಂಬಳವಿಲ್ಲದ ಹವ್ಯಾಸವೆಂದೂ ಕಾಲಿನ್ ಹೇಳಿಕೊಂಡರು. ಆಗ ಜೊತೆಗಿದ್ದು ಸಹಾಯ ಮಾಡುತ್ತಿದ್ದದ್ದು ಜಿಯಾ ಟ್ಯಾನ್ ಎಂಬ ಹೆಸರು. ಆ ಹೆಸರಿನ ಹಿಂದಿನ ಮುಖ ಯಾವುದೆಂದು ಯಾರಿಗೂ ತಿಳಿದಿರಲಿಲ್ಲ. ಜವಾಬ್ದಾರಿ ಆ ಕೈಗೆ ಹೋಯಿತು. 2024ರ ಫೆಬ್ರುವರಿಯ ಆವೃತ್ತಿಯಲ್ಲಿ ಆ ಕೈ ಕಳ್ಳಬಾಗಿಲೊಂದನ್ನು ಇಟ್ಟಿತು. ಡೆಬಿಯನ್‌ನ ಪ್ರಯೋಗಾವಸ್ಥೆಯ ಆವೃತ್ತಿ ಬಳಸುತ್ತಿದ್ದ ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂಬುದನ್ನು ಗಮನಿಸಿ, ಬೆನ್ನುಹತ್ತಿ, ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಹಾಗಾಗಿ ಅದು ಡೆಬಿಯನ್‌ನ ಸ್ಥಿರ ಆವೃತ್ತಿಯನ್ನು ತಲುಪಲಿಲ್ಲ.

ಪಾಸ್‌ಪೋರ್ಟ್ ನೋಡಿದ್ದರೆ ಇದು ತಪ್ಪುತ್ತಿತ್ತೇ, ನಕಲಿ ಪಾಸ್‌ಪೋರ್ಟ್ ಇಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. 2006ರಲ್ಲಿ ಮೆಕ್ಸಿಕೊದ ಡೆಬ್‌ಕಾನ್‌ನಲ್ಲಿ ಡೆವಲಪರ್ ಒಬ್ಬರು ಯಾವ ಸರ್ಕಾರವೂ ಕೊಡದ ಗುರುತುಚೀಟಿ ತೋರಿಸಿ ಈ ಸಾಲಿನಲ್ಲಿ ಸಾಗಿದ್ದರು. ಸಮುದಾಯದಲ್ಲಿ ಅದು ದೊಡ್ಡ ಚರ್ಚೆಯೇ ಆಯಿತು. ಕಾಗದ ತೋರಿಸಿ ಯಾಮಾರಿಸಬಹುದು, ಒಪ್ಪುತ್ತೇನೆ. ಆದರೆ ಕಾಲಿನ್ ಅವರಿಗೆ ಕೊರತೆಯಾದದ್ದು ಗುರುತುಚೀಟಿಯ ತಪಾಸಣೆಯಲ್ಲ. ಒಂದು ವಾರ ಒಟ್ಟಿಗೆ ಉಂಡು, ನಡೆದು, ಹರಟೆ ಹೊಡೆದವರಿಗೆ ಯಾರು ಬಸವಳಿದಿದ್ದಾರೆ ಎಂದು ತಿಳಿಯುತ್ತದೆ. ಬಸವಳಿದವರ ಹೊರೆಯನ್ನು ಗೊತ್ತಿರುವವರು ಹಂಚಿಕೊಂಡಿದ್ದರೆ ಗೊತ್ತಿಲ್ಲದವನಿಗೆ ಜಾಗ ಸಿಗುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ದುಡ್ಡಿನದು: ಸಂಬಳ ಕೊಟ್ಟರೆ ಎಲ್ಲ ಸರಿಹೋಗುವುದಲ್ಲವೇ? ಡೆಬಿಯನ್‌ನ ತಳದಲ್ಲಿರುವ ಲಿನಕ್ಸ್ ಕರ್ನಲ್‌ನ ಬಹುಪಾಲು ಕೆಲಸ ಇಂದು ಕಂಪನಿಗಳ ನೌಕರರಿಂದಲೇ ನಡೆಯುತ್ತಿದೆ, ನಿಜ. ಡೆಬಿಯನ್‌ನಲ್ಲಿ 2006ರಲ್ಲಿ ಡಂಕ್-ಟ್ಯಾಂಕ್ ಎಂಬ ಯೋಜನೆ ಬಿಡುಗಡೆಯ ಹೊಣೆ ಹೊತ್ತವರಿಗೆ ಹಣ ಕೊಡಲು ಹೊರಟಾಗ ಸ್ವಯಂಸೇವಕರಲ್ಲಿ ಅಸಮಾಧಾನ ಭುಗಿಲೆದ್ದಿತು. ಡಿಸೆಂಬರಿಗೆ ಬರಬೇಕಿದ್ದ ಆವೃತ್ತಿ ಬಂದದ್ದು 2007ರ ಏಪ್ರಿಲಿಗೆ. ಹಣ ಬೇಡವೆಂದು ಇದರರ್ಥವಲ್ಲ. ಹಳೆಯ ಆವೃತ್ತಿಗಳ ಪಾಲನೆಗೆ ಪ್ರಾಯೋಜಕರ ಹಣ ಪಡೆದು ದುಡಿಯುವ ಡೆಬಿಯನ್ ಡೆವಲಪರ್‌ಗಳು ಈಗ ಇದ್ದಾರೆ. ಆದರೆ ಹಣ ಯಾರಿಗೆ, ಏಕೆ ಎಂದು ಮನಸ್ತಾಪವಿಲ್ಲದೆ ತೀರ್ಮಾನಿಸಲೂ ಮೊದಲು ಪರಸ್ಪರ ನಂಬಿಕೆ ಬೇಕು.

ಇದನ್ನು ಬೆಂಗಳೂರು ಒಂದು ಕಾಲಕ್ಕೆ ಚೆನ್ನಾಗಿ ಅರಿತಿತ್ತು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಆರಂಭವಾಗಿ ಆಮೇಲೆ ‘ಫಾಸ್ ಡಾಟ್ ಇನ್’ ಆದ ಸಮ್ಮೇಳನದಲ್ಲಿ ಭಾಷಣಗಳ ಜೊತೆಗೆ, ಜನ ಒಟ್ಟಿಗೆ ಕೂತು ಕೋಡ್ ಬರೆಯುವ ‘ವರ್ಕ್‌ಔಟ್’ಗಳಿದ್ದವು. 2012ರ ನಂತರ ಅದು ನಡೆಯಲಿಲ್ಲ. ಈಗ ಇಂಡಿಯಾಫಾಸ್‌ನಂಥ ಕೂಟಗಳು ಈ ನಗರದಲ್ಲಿ ನಡೆಯುತ್ತಿರುವುದು ಸಂತೋಷದ ವಿಷಯ. ಆದರೆ ಇಂಥ ಕೂಟಗಳಿಗೆ ಹೋಗಬೇಕೆಂದರೆ ಎಷ್ಟೋ ನೌಕರರು ಇಂದಿಗೂ ತಮ್ಮ ವಾರ್ಷಿಕ ರಜೆಯನ್ನೇ ಖರ್ಚು ಮಾಡಬೇಕು. ಲಿನಕ್ಸ್ ಸರ್ವರ್‌ಗಳ ಮೇಲೆಯೇ ವ್ಯವಹಾರ ಕಟ್ಟಿಕೊಂಡಿರುವ ಈ ಊರಿನ ಕಂಪನಿಗಳು ವರ್ಷದಲ್ಲಿ ಒಂದು ವಾರವನ್ನು ಕೆಲಸದ ದಿನಗಳೆಂದೇ ಬರೆದುಕೊಂಡು ಅವರನ್ನು ಕಳಿಸಿಕೊಡಬಹುದು. ಕೇಳುತ್ತಿರುವುದು ಅಷ್ಟೇ, ಅದೂ ಬಹಳ ಕಡೆ ಇನ್ನೂ ಸಿಕ್ಕಿಲ್ಲ.