ಹದಿನೇಳು ಕಲ್ಲು, ಒಂದು ಹನಿ ಎಣ್ಣೆ

ದೆಹಲಿಯ ಸರೋಜಿನಿ ನಗರದ ಮಾರುಕಟ್ಟೆ ಹೆಸರಾದದ್ದು ಅಗ್ಗದ ಬಟ್ಟೆಗೆ. ಆದರೂ ನನ್ನಂಥವರ ಕಾಲು ಅಲ್ಲಿ ನಿಲ್ಲುವುದು ವಾಚುಗಳ ಮುಂದೆ. ಸ್ವಿಸ್ ಹೆಸರಿನ ವಾಚು ಐನೂರಕ್ಕೆ ಸಿಕ್ಕರೆ ಅದು ನಕಲು. ಕೊಳ್ಳುವವರಿಗೂ ಗೊತ್ತು, ಮಾರುವವರಿಗೂ ಗೊತ್ತು. ಸೆಕೆಂಡು ಮುಳ್ಳು ಜಾರಿದರೆ ಅಸಲಿ, ಹಾರಿದರೆ ನಕಲಿ ಎಂಬ ಪರೀಕ್ಷೆಯನ್ನು ಮಾತ್ರ ನಂಬಬೇಡಿ. ಅಸಲಿ ಕಾರ್ಟಿಯೇಯಲ್ಲೂ ಬ್ಯಾಟರಿ ಇರಬಹುದು, ನಕಲಿಯಲ್ಲೂ ಸ್ಪ್ರಿಂಗ್ ಇರಬಹುದು.

ನಮ್ಮ ವಿಷಯ ನಿಜವಾಗಿ ಹಳೆಯದಾದ, ಕೀಲಿ ಕೊಡುವ ವಾಚು. ಸರೋಜಿನಿ ನಗರ ಬೆಳೆದದ್ದೇ ಕೇಂದ್ರ ಸರ್ಕಾರಿ ನೌಕರರ ಕ್ವಾರ್ಟರ್ಸಿಗಾಗಿ. ಅಂಥ ಮನೆಗಳ ಕಬ್ಬಿಣದ ಬೀರುವಿನಲ್ಲಿ ಅಜ್ಜನ ಎಚ್‌ಎಂಟಿ ಒಂದು ಮಲಗಿದ್ದರೆ ಆಶ್ಚರ್ಯವಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದರ ತವರು. 2016ರಲ್ಲಿ ಆ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಅಲ್ಲಿಂದ ಹಳೆಯ ಜನತಾ, ಪೈಲಟ್ ಮಾದರಿಗಳಿಗೆ ಹೊಸ ಬೆಲೆ, ಜೊತೆಗೆ ಹೊಸ ಬಣ್ಣದ ಡಯಲ್. ಕಾರ್ಖಾನೆ ಎಂದೂ ಬಳಿಯದ ಬಣ್ಣ ಕಂಡರೆ ಅದು ಯಾರೋ ಮರುಬಣ್ಣ ಹಾಕಿದ್ದು ಎಂದು ತಿಳಿಯಿರಿ.

ಡಯಲ್ ಮೇಲೆ ‘17 ಜ್ಯುವೆಲ್ಸ್’ ಎಂದಿರುತ್ತದೆ. ಕೇಳುವವರು ತಪ್ಪದೆ ಕೇಳುವ ಪ್ರಶ್ನೆ: ಒಳಗೆ ಮಾಣಿಕ್ಯ ಇದೆಯೆ, ಕಿತ್ತು ಮಾರಿದರೆ ಎಷ್ಟು ಬರುತ್ತದೆ? ಮಾಣಿಕ್ಯ ಇದೆ, ಮಾರಿದರೆ ಏನೂ ಬಾರದು. ಫ್ರಾನ್ಸಿನ ವಿಜ್ಞಾನಿ ವೆರ್ನೆಯ್ 1902ರಲ್ಲಿ ಜ್ವಾಲೆಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದ ಮೇಲೆ ಈ ಕಲ್ಲು ಅಗ್ಗವಾಯಿತು.

ಹಾಗಾದರೆ ಕಲ್ಲು ಏಕೆ? ಎತ್ತಿನ ಗಾಡಿಯನ್ನು ನೆನೆಯಿರಿ. ಇರುಸು ಉಜ್ಜುವಲ್ಲಿ ಕೀಲೆಣ್ಣೆ ಬೇಕು, ಇಲ್ಲದಿದ್ದರೆ ಕಿರುಗುಟ್ಟುತ್ತದೆ. ವಾಚಿನ ಇರುಸಿನ ತುದಿ ಕೂದಲಿನಷ್ಟು ಸಣ್ಣದು, ಉಕ್ಕಿನದು. ಅದು ಹಿತ್ತಾಳೆಯ ತೂತಿನಲ್ಲಿ ತಿರುಗಿದರೆ ತೂತು ಸವೆದು ಅಗಲವಾಗುತ್ತದೆ. ನುಣುಪಾದ ಮಾಣಿಕ್ಯದ ತೂತು ಸವೆಯದು. ಅದರ ಬಾಯಿಯನ್ನು ಪುಟ್ಟ ಬಟ್ಟಲಿನಂತೆ ಕಡೆದಿರುವುದರಿಂದ ಎಣ್ಣೆಯ ಹನಿ ಹರಿದುಹೋಗದೆ ಅಲ್ಲೇ ನಿಲ್ಲುತ್ತದೆ. (ಈ ಬಟ್ಟಲನ್ನು ಮೊದಲ ಸಲ ಭೂತಗನ್ನಡಿಯಲ್ಲಿ ನೋಡಿದ ದಿನ ನಾನು ಊಟ ಮರೆತಿದ್ದೆ.) ಸಾಮಾನ್ಯ ಹಂಚಿಕೆ ಹೀಗೆ: ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರಕ್ಕೆ ನಾಲ್ಕು, ಅದರ ತಳದಲ್ಲಿ ಒಂದು, ಕವೆಗೋಲಿನಂಥ ಪ್ಯಾಲೆಟ್‌ಗೆ ನಾಲ್ಕು, ಉಳಿದ ನಾಲ್ಕು ಚಕ್ರಗಳಿಗೆ ಎರಡೆರಡು.

ಕೊಳ್ಳುವವರು ಎಡವುವುದು ಇಲ್ಲಿಯೇ. ಕಲ್ಲು ಸವೆಯದು ನಿಜ, ಎಣ್ಣೆ ಒಣಗುತ್ತದೆ. ‘ಓಡ್ತಾ ಇದೆಯಲ್ಲ ಸಾರ್’ ಎಂದು ಅಂಗಡಿಯವರು ಕಿವಿಗೆ ಹಿಡಿದು ತೋರಿಸುತ್ತಾರೆ. ಒಣಗಿದ ವಾಚೂ ಓಡುತ್ತದೆ, ಗಾಡಿಯಂತೆ ಕಿರುಗುಟ್ಟಿ ಎಚ್ಚರಿಸುವುದೂ ಇಲ್ಲ. ಎಚ್‌ಎಂಟಿಯ ಬ್ಯಾಲೆನ್ಸ್ ಸೆಕೆಂಡಿಗೆ ಐದು ಬಡಿತದಂತೆ ದಿನಕ್ಕೆ 4,32,000 ಬಾರಿ ಬಡಿಯುತ್ತದೆ. ಎಣ್ಣೆ ಇಲ್ಲದೆ ಒಂದು ವರ್ಷ ಹೀಗೆ ಉಜ್ಜಿದರೆ ಸವೆಯುವುದು ಉಕ್ಕು. ಕಲ್ಲಿನ ಸುತ್ತ ಕೆಂಪು ಪುಡಿ ಕಂಡರೆ ಆಗಲೇ ತಡವಾಗಿದೆ.

ಆದ್ದರಿಂದ ಕೊಳ್ಳುವ ಮುನ್ನ ಹಿಂಬದಿ ಬಿಚ್ಚಿಸಿ ನೋಡಿ. ರಿಪೇರಿಯವರ ಬಳಿ ಬಡಿತ ಅಳೆಯುವ ಯಂತ್ರವಿದ್ದರೆ ಕೀಲಿ ಪೂರ್ತಿ ಕೊಟ್ಟು ಬ್ಯಾಲೆನ್ಸಿನ ತೂಗಾಟ ಎಷ್ಟು ಡಿಗ್ರಿ ಎಂದು ಕೇಳಿ: 250ರ ಮೇಲಿದ್ದರೆ ನೆಮ್ಮದಿ, 200ಕ್ಕಿಂತ ಕೆಳಗಿದ್ದರೆ ಸರ್ವಿಸಿನ ಖರ್ಚನ್ನೂ ಬೆಲೆಗೆ ಸೇರಿಸಿ ಚೌಕಾಸಿ ಮಾಡಿ. ಕೊಂಡ ಮೇಲೆ ನಾಲ್ಕೈದು ವರ್ಷಕ್ಕೊಮ್ಮೆ ತೊಳೆಸಿ ಎಣ್ಣೆ ಬಿಡಿಸಿ. ನೀರಿನಿಂದ ದೂರವಿಡಿ.

ಇನ್ನೂ ಕುತೂಹಲವಿದ್ದರೆ ಒಂದು ಕೆಲಸ ಮಾಡಿ. ಕೆಟ್ಟು ನಿಂತ ಎಚ್‌ಎಂಟಿಯೊಂದನ್ನು ಗುಜರಿ ಬೆಲೆಗೆ ತನ್ನಿ, ಭೂತಗನ್ನಡಿ ಹಿಡಿದು ಕಲ್ಲುಗಳನ್ನು ಎಣಿಸಿ. ಹಿಂಬದಿಯಿಂದ ಅರ್ಧದಷ್ಟೇ ಕಾಣುತ್ತವೆ, ಮಿಕ್ಕವು ಡಯಲಿನ ಕೆಳಗೆ. ಬ್ಯಾಲೆನ್ಸಿನ ತಳದಲ್ಲಿ ಅಡಗಿದ ಆ ಒಂಟಿ ಕಲ್ಲು ನನಗೆ ಸಿಗಲು ಮೂರು ಭಾನುವಾರ ಹಿಡಿಯಿತು.