ಸಕ್ಕರೆ ಹಾಕದ ಖಾರದ ಟೊಮೆಟೊ ಕೆಚಪ್



ಕಾಫಿ, ಅಡಿಕೆ, ಕಾಳುಮೆಣಸುಗಳಿಗೆ ಮೀಸಲಾದ ಈ ಪುಟಗಳಲ್ಲಿ ಕಾರ್ಯದರ್ಶಿ ಅಡುಗೆಮನೆ ಹೊಕ್ಕದ್ದೇಕೆಂದು ತಾವು ಕೇಳಬಹುದು. ಕಾರಣವಿದೆ. ಎರಡು ವರ್ಷಗಳ ಹಿಂದೆ ನನ್ನ ಮನೆಯವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ಕಾಫಿಗೆ ಸಕ್ಕರೆ ನಿಂತಿತು, ಹಬ್ಬದ ಹೋಳಿಗೆ ಅರ್ಧವಾಯಿತು. ಆದರೆ ಮಕ್ಕಳಿಗೆಂದು ತಂದ ಕೆಚಪ್ ಬಾಟಲಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅಂತಹ ಕೆಚಪ್ಪಿನ ಒಂದು ದೊಡ್ಡ ಚಮಚದಲ್ಲಿ ಸುಮಾರು 4 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಸಕ್ಕರೆ ಇರುತ್ತದೆ!

ಮನೆಯಲ್ಲೇ ಮಾಡೋಣವೆಂದು ಹೊರಟೆ. ಟೊಮೆಟೊ ಹೇಗೂ ಹುಳಿ, ವಿನೆಗರ್ ಏಕೆಂದು ಬಿಟ್ಟೆ. ಎಂಟೇ ದಿನಕ್ಕೆ ಬಾಟಲಿಯ ಮುಚ್ಚಳ ಹಾರಿ, ಕಪಾಟೆಲ್ಲ ಕೆಂಪಾಯಿತು. ಪದವೀಧರನ ವಿದ್ಯೆ ಅಲ್ಲಿಗೆ ಬಯಲಾಯಿತು.

ಆಮೇಲೆ ತಿಳಿದದ್ದಿಷ್ಟು. ಕೆಚಪ್ಪಿನಲ್ಲಿ ಸಕ್ಕರೆ ಬರೀ ರುಚಿಗಲ್ಲ. ನೀರಿನಂಶವನ್ನು ಹಿಡಿದಿಟ್ಟು ಬೂಷ್ಟು, ಹುದುಗು ಬೆಳೆಯದಂತೆ ಅದು ಕಾಯುತ್ತದೆ. ಕಾವಲುಗಾರನನ್ನು ತೆಗೆದ ಮೇಲೆ ಆ ಕೆಲಸವನ್ನು ಬೇರೆಯವರಿಗೆ ವಹಿಸಲೇಬೇಕು. ವಿನೆಗರ್, ಉಪ್ಪು, ಚೆನ್ನಾಗಿ ಬತ್ತಿಸುವುದು, ಬಿಸಿಯಲ್ಲೇ ತುಂಬುವುದು: ಈ ನಾಲ್ಕೂ ಬೇಕು. ಟೊಮೆಟೊ ಹಣ್ಣಾದಷ್ಟೂ ಅದರ ಹುಳಿ ಇಳಿಯುತ್ತದೆ. ಪಿಎಚ್ 4.6ನ್ನು ಮೀರಿದರೆ ಮುಚ್ಚಿದ ಬಾಟಲಿಯೊಳಗೆ ವಿಷಕಾರಿ ಜೀವಾಣು ಬೆಳೆಯುವ ಅಪಾಯವಿದೆ.

ಬೇಕಾಗುವ ಸಾಮಾನು: ಚೆನ್ನಾಗಿ ಹಣ್ಣಾದ, ಕೊಳೆಯಿಲ್ಲದ ಟೊಮೆಟೊ 5 ಕಿಲೋ, ಈರುಳ್ಳಿ 200 ಗ್ರಾಂ, ಶುಂಠಿ 30 ಗ್ರಾಂ, ಬೆಳ್ಳುಳ್ಳಿ 20 ಗ್ರಾಂ, ಕಾಳುಮೆಣಸು 10 ಗ್ರಾಂ, ದಾಲ್ಚಿನ್ನಿ 5 ಗ್ರಾಂ, ಲವಂಗ 6, ಏಲಕ್ಕಿ 4, ಬ್ಯಾಡಗಿ ಮೆಣಸಿನ ಪುಡಿ 20 ಗ್ರಾಂ, ಉಪ್ಪು 25 ಗ್ರಾಂ, ಶೇಕಡಾ 4ರ ವಿನೆಗರ್ 150 ಮಿಲಿಲೀಟರ್. ಬ್ಯಾಡಗಿ ಬಣ್ಣಕ್ಕೆ, ಹೆಚ್ಚು ಖಾರ ಬೇಕಾದವರು ನಾಲ್ಕಾರು ಸೂಜಿಮೆಣಸು ಸೇರಿಸಬಹುದು.

ವಿಧಾನ: ಟೊಮೆಟೊ ತೊಳೆದು ಹೆಚ್ಚಿ, ನೀರು ಹಾಕದೆ ಸ್ಟೀಲ್ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಸಲ್ಲದು. ಹುಳಿ ಲೋಹವನ್ನು ತಿನ್ನುತ್ತದೆ. ಬೆಂದದ್ದನ್ನು ಮಸೆದು, ಜರಡಿಯಲ್ಲಿ ಸೋಸಿ ಸಿಪ್ಪೆ, ಬೀಜ ತೆಗೆಯಿರಿ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಮತ್ತು ಇಡೀ ಮಸಾಲೆಗಳನ್ನು ಜಜ್ಜಿ (ಸೂಜಿಮೆಣಸು ಹಾಕುವುದಾದರೆ ಅದನ್ನೂ) ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ರಸದಲ್ಲಿ ಬಿಡಿ. ಹದ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತಾ, ಸುಮಾರು ಒಂದೂಕಾಲು ಕಿಲೋ ಆಗುವವರೆಗೆ ಬತ್ತಿಸಿ. ತಟ್ಟೆಗೆ ಒಂದು ಹನಿ ಹಾಕಿದರೆ ಸುತ್ತ ನೀರು ಬಿಡಬಾರದು. ಗಂಟನ್ನು ಹಿಂಡಿ ತೆಗೆದು, ಉಪ್ಪು, ಮೆಣಸಿನ ಪುಡಿ, ವಿನೆಗರ್ ಸೇರಿಸಿ ಐದು ನಿಮಿಷ ಕುದಿಸಿ. ವಿನೆಗರನ್ನು ಮೊದಲೇ ಹಾಕಿದರೆ ಅದರ ಹುಳಿ ಆವಿಯಾಗಿ ಹೋಗುತ್ತದೆ.

ಇಪ್ಪತ್ತು ನಿಮಿಷ ಕುದಿಸಿದ ಗಾಜಿನ ಸಣ್ಣ ಬಾಟಲಿಗಳಿಗೆ ಬಿಸಿಯಿರುವಾಗಲೇ ತುಂಬಿ ಮುಚ್ಚಿ, ಅಡಿಗೆ ಬಟ್ಟೆ ಹಾಸಿದ ಪಾತ್ರೆಯ ಬಿಸಿನೀರಿನಲ್ಲಿ ನಿಲ್ಲಿಸಿ ಅರ್ಧ ಗಂಟೆ ಕುದಿಸಿ. ಆರಿದ ಮೇಲೆ ಫ್ರಿಜ್ಜಿನಲ್ಲೇ ಇಡುವುದು ಕ್ಷೇಮ. ತೆರೆದ ಬಾಟಲಿಯನ್ನು ಮೂರು ವಾರದೊಳಗೆ ಮುಗಿಸಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ನಮ್ಮ ಊರುಗಳಲ್ಲಿ ಒಂದು ಸಲಕ್ಕೆ ಸ್ವಲ್ಪವೇ ಮಾಡಿಕೊಳ್ಳುವುದು ಜಾಣತನ. ಬೂಷ್ಟು ಕಂಡರೆ, ಮುಚ್ಚಳ ಉಬ್ಬಿದರೆ ಮೇಲಿನದನ್ನು ಮಾತ್ರ ತೆಗೆಯದೆ ಇಡೀ ಬಾಟಲಿಯನ್ನೇ ಗುಂಡಿಗೆ ಚೆಲ್ಲಿ.

ಒಂದು ಎಚ್ಚರಿಕೆ. ನಾವು ಸಕ್ಕರೆ ಹಾಕದಿದ್ದರೂ ಟೊಮೆಟೊದಲ್ಲಿ ತನ್ನದೇ ಸಿಹಿ ಇದೆ. ಬತ್ತಿಸಿದ ಮೇಲೆ ದೊಡ್ಡ ಚಮಚಕ್ಕೆ ಸುಮಾರು ಒಂದೂವರೆ ಗ್ರಾಂ ಆದೀತು. ಆದ್ದರಿಂದ ಕಾಯಿಲೆಯವರಿಗೂ ಇದು ಚಮಚದ ಲೆಕ್ಕವೇ ಹೊರತು ಬಟ್ಟಲಿನ ಲೆಕ್ಕವಲ್ಲ. ರಕ್ತದೊತ್ತಡದವರು ಉಪ್ಪಿನ ಕಡೆಗೂ ಗಮನವಿಡಲಿ. ಬೆಲ್ಲ, ಜೇನು ಹಾಕಿ ‘ಸಕ್ಕರೆಯಿಲ್ಲದ್ದು’ ಎಂದುಕೊಂಡರೆ ಅದು ನಮಗೆ ನಾವೇ ಮಾಡಿಕೊಳ್ಳುವ ಮೋಸ.

2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ನೆನಪಿರಬಹುದು. ಬೆಲೆ ಕುಸಿದಾಗ ರಸ್ತೆಗೆ ಸುರಿಯುವುದನ್ನೂ ಕಂಡಿದ್ದೇವೆ. ಸಂತೆಯಲ್ಲಿ ಅಗ್ಗವಾದಾಗ ತಂದು ಮಾಡಿಕೊಳ್ಳುವುದೇ ಸರಿ. ಮೆಣಸು, ಏಲಕ್ಕಿ ಹೇಗೂ ನಮ್ಮ ತೋಟದ್ದೇ. ಅವನ್ನು ಮಾರಿದ ದುಡ್ಡಿನಲ್ಲಿ ಸಕ್ಕರೆಯ ಬಾಟಲಿ ಕೊಂಡು ತರುವ ದುರ್ಗತಿ ನಮಗೇಕೆ?

ಈಗ ನಮ್ಮ ಮನೆಯವರು ದೋಸೆಗೆ ಒಂದು ಚಮಚ ನಿಶ್ಚಿಂತೆಯಿಂದ ಹಾಕಿಕೊಳ್ಳುತ್ತಾರೆ. ಖಾರ ಕಡಿಮೆಯಾಯಿತೆಂದು ದೂರುವುದನ್ನು ಮಾತ್ರ ಬಿಟ್ಟಿಲ್ಲ. ಮಾಡಿ ನೋಡಿದ ಸದಸ್ಯರು ತಮ್ಮ ಅನುಭವವನ್ನು ಸಂಘದ ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ.