ನೀರು ಹಿಗ್ಗಿದರೆ ಕಬ್ಬಿಣವೂ ಬಿರಿಯುತ್ತದೆ

ಮಕ್ಕಳೇ, ನೀರಿನ ಬಾಟಲಿಯನ್ನು ಕಂಠದವರೆಗೆ ತುಂಬಿಸಿ ಫ್ರೀಜರಿನಲ್ಲಿಟ್ಟು ಮರೆತವರು ನಿಮ್ಮಲ್ಲಿ ಇದ್ದೀರಾ? ಮರುದಿನ ತೆಗೆದರೆ ಬಾಟಲಿಯ ಬುಡ ಉಬ್ಬಿ, ನೆಟ್ಟಗೆ ನಿಲ್ಲೋದೇ ಇಲ್ಲ. ಹೆಚ್ಚಿನ ದ್ರವಗಳು ಗಟ್ಟಿಯಾಗುವಾಗ ಕುಗ್ಗುತ್ತವೆ. ನೀರಿನದ್ದು ಉಲ್ಟಾ ಲೆಕ್ಕ. 100 ಮಿಲಿಲೀಟರ್ ನೀರು ಮಂಜುಗಡ್ಡೆಯಾದಾಗ ಸುಮಾರು 109 ಮಿಲಿಲೀಟರಿನಷ್ಟು ಜಾಗ ಬೇಡುತ್ತದೆ.

ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕೆರೆ ಸರೋವರಗಳಿವೆ, ದೋಣಿಗಳೂ ಬಹಳ. ಚಳಿಗಾಲದ ರಾತ್ರಿ ಅಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದು ಸಾಮಾನ್ಯ. ಹಾಗಾಗಿ ಸರೋವರ ಹೆಪ್ಪುಗಟ್ಟುವ ಮೊದಲೇ ದೋಣಿಗಳನ್ನು ದಡಕ್ಕೆ ಎಳೆದು ಇಡುತ್ತಾರೆ. ಆದರೆ ದೋಣಿ ನೀರಿನಿಂದ ಹೊರಬಂದರೆ ಸಾಕೇ? ದೋಣಿಯೊಳಗಿನ ನೀರು?

ಕಾಸರಗೋಡಿನ ಕಡಲ ತೀರದಲ್ಲಿ ದೋಣಿಯ ಹಿಂಬದಿಗೆ ಸಿಕ್ಕಿಸಿದ ಎಂಜಿನ್ ನೋಡಿರುತ್ತೀರಿ. ಅದನ್ನು ನೆಟ್ಟಗೆ ನಿಲ್ಲಿಸಿದರೆ ಒಳಗಿನ ನೀರು ತಾನಾಗಿಯೇ ಸೋರಿಹೋಗುತ್ತದೆ. ದೋಣಿಯ ಹೊಟ್ಟೆಯೊಳಗೇ ಕೂರಿಸಿದ ಎಂಜಿನ್ ಬೇರೆ ಥರ. ಅಂಥ ಎಷ್ಟೋ ಎಂಜಿನ್‌ಗಳಲ್ಲಿ ಪಂಪು ಸರೋವರದ ನೀರನ್ನೇ ಎಳೆದು, ಎರಕದ ಕಬ್ಬಿಣದ ಒಳದಾರಿಗಳಲ್ಲಿ ಸುತ್ತಿಸಿ, ತಂಪು ಮಾಡಿ ಹೊರಗೆ ಬಿಡುತ್ತದೆ. ಎಂಜಿನ್ ನಿಂತ ಮೇಲೂ ಆ ದಾರಿಗಳಲ್ಲಿ ನೀರು ಉಳಿದಿರುತ್ತದೆ. ಅದು ಹೆಪ್ಪುಗಟ್ಟಿ ಹಿಗ್ಗಲು ಹೊರಟಾಗ ಜಾಗವಿಲ್ಲ. ಎರಕದ ಕಬ್ಬಿಣ ಭಾರ ತಡೆಯುತ್ತದೆ, ಆದರೆ ಒಳಗಿನಿಂದ ಎಳೆದರೆ ಬಗ್ಗುವುದಿಲ್ಲ, ಬಿರಿಯುತ್ತದೆ. ದಪ್ಪ ಕಬ್ಬಿಣ ಅಷ್ಟು ಸುಲಭಕ್ಕೆ ಒಡೆಯುತ್ತದಾ ಅಂತ ಕೇಳಬಹುದು. ಸೊನ್ನೆಗಿಂತ 22 ಡಿಗ್ರಿ ಕೆಳಗೆ ನೀರು ಗಡ್ಡೆಯಾಗದಂತೆ ಬರೀ ಒತ್ತಡದಿಂದ ತಡೆಹಿಡಿಯಬೇಕಾದರೆ ವಾತಾವರಣದ ಒತ್ತಡದ ಸುಮಾರು 2000 ಪಟ್ಟು ಬೇಕು! ಎಂಜಿನ್ನಿನ ಗೋಡೆ ಸೋಲದೆ ಇರುತ್ತದೆಯೇ?

ಪರಿಹಾರ ಸುಲಭ: ನೀರು ಬಸಿದುಬಿಡಿ. ಎಂಜಿನ್ನಿನ ಕೆಳಭಾಗದಲ್ಲಿ ಅದಕ್ಕೆಂದೇ ಬಿರಡೆಗಳಿವೆ. ಬಿರಡೆ ಬಿಚ್ಚಿದಾಗ ನೀರು ಬರಲಿಲ್ಲವೆಂದರೆ ಒಳಗೆ ನೀರಿಲ್ಲ ಅಂತಲ್ಲ, ತುಕ್ಕು, ಮರಳು ತೂತನ್ನು ಮುಚ್ಚಿರಬಹುದು. ತಂತಿ ಹಾಕಿ ಕೆದಕಿ ನೋಡಲೇಬೇಕು.

ಕೆಲವರು ಬಸಿಯುವ ಕೆಲಸ ಬಿಟ್ಟು, ಪಂಪಿನ ಮೂಲಕ ಹೆಪ್ಪುರೋಧಕ ದ್ರವ ಎಳೆಸಿ, ಹಿಂದಿನ ಕೊಳವೆಯಿಂದ ಗುಲಾಬಿ ಬಣ್ಣ ಬಂದಕೂಡಲೇ ಕೆಲಸ ಮುಗೀತು ಅಂದುಕೊಳ್ಳುತ್ತಾರೆ. ಎಡವುವುದು ಇಲ್ಲೇ. ಎಂಜಿನ್ ತಣ್ಣಗಿದ್ದರೆ ಥರ್ಮೋಸ್ಟಾಟ್ ಎಂಬ ಕವಾಟ ಮುಚ್ಚಿರುತ್ತದೆ. ಆಗ ದ್ರವದ ಬಹುಪಾಲು ಕಬ್ಬಿಣದ ಒಳಗೆ ಹೋಗದೆ ಬಳಸುದಾರಿಯಲ್ಲಿ ಹೊರಬೀಳಬಹುದು. ಒಳಗೆ ಹಳೆಯ ನೀರು ಹಾಗೇ ಕೂತಿರುತ್ತದೆ. ಸ್ವಲ್ಪ ದ್ರವ ಸೇರಿದರೂ ಆ ನೀರು ಅದನ್ನು ತೆಳುವಾಗಿಸುತ್ತದೆ, ಡಬ್ಬದ ಮೇಲೆ ಬರೆದ ಉಷ್ಣತೆಯವರೆಗೆ ಅದು ಕಾಯಲಾರದು. ಆದ್ದರಿಂದ ಮೊದಲು ಬಸಿಯಬೇಕು, ಆಮೇಲೆ ದ್ರವ.

ಉಪ್ಪು ಹಾಕಿದರೂ ನೀರಿನ ಹೆಪ್ಪುಬಿಂದು ಇಳಿಯುತ್ತದಲ್ವಾ? ಇಳಿಯುತ್ತದೆ, ಆದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಎಥಿಲೀನ್ ಗ್ಲೈಕಾಲ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದು ವಿಷ, ರುಚಿ ಬೇರೆ ಸಿಹಿ! ವಸಂತದಲ್ಲಿ ಎಂಜಿನ್ ಚಾಲೂ ಮಾಡಿದಾಗ ಈ ದ್ರವ ಸರೋವರಕ್ಕೇ ಸೇರುವುದರಿಂದ, ವಿಷ ಬಹಳ ಕಡಿಮೆಯಿರುವ ಪ್ರೊಪಿಲೀನ್ ಗ್ಲೈಕಾಲ್ ಬಳಸುತ್ತಾರೆ.

ಬಿರುಕು ಬಿಟ್ಟದ್ದು ಚಳಿಗಾಲದಲ್ಲಿ ಗೊತ್ತಾಗುವುದಿಲ್ಲ, ಮಂಜುಗಡ್ಡೆಯೇ ಅದನ್ನು ಮುಚ್ಚಿಕೊಂಡಿರುತ್ತದೆ. ವಸಂತದಲ್ಲಿ ಗಡ್ಡೆ ಕರಗಿ, ಎಂಜಿನ್ ಓಡಿಸಿದ ಮೇಲೆ ಎಣ್ಣೆಯ ಕಡ್ಡಿ ಎಳೆದು ನೋಡಿದರೆ ಕಪ್ಪು ಎಣ್ಣೆ ಹಾಲು ಬೆರೆಸಿದ ಕಾಫಿಯಂತಾಗಿರುತ್ತದೆ. ನೀರು ಎಣ್ಣೆಗೆ ಸೇರಿದೆ ಎಂದರ್ಥ.